ಪಂಚರ ಮುಂದೆ ಪಾಸ್‌ವರ್ಡ್

ನಮ್ಮೂರಲ್ಲಿ ಎಟಿಎಂ ಮುಂದೆ ನಿಂತವರು ಹಿಂದಿನವರಿಗೆ ಪಿನ್ ನಂಬರ್ ಹೇಳಿ, ಸ್ವಲ್ಪ ಒತ್ತಿಕೊಡಿ ಎನ್ನುತ್ತಾರೆ. ಅಂಥ ಚಳ್ಳಕೆರೆಯಲ್ಲಿ ಕಂಪ್ಯೂಟರಿಗೆ ಬೀಗ ಹಾಕಿಕೊಂಡು ಕೂತವಳು ನಾನೊಬ್ಬಳೇ ಇರಬೇಕು. ವಧೂವರರ ಕೇಂದ್ರ ನಡೆಸುವವಳಿಗೆ ಬೀಗವಿಲ್ಲದಿದ್ದರೆ ಹೇಗೆ? ಜಾತಕ, ಫೋಟೊ, ಸಂಬಳವನ್ನು ಜನ ಯಾರಿಗೆ ಬೇಕಾದರೂ ತೋರಿಸುತ್ತಾರೆ. ಮುರಿದ ನಿಶ್ಚಿತಾರ್ಥ, ಬಿಟ್ಟುಹೋದ ಗಂಡ, ದಿನಾ ನುಂಗುವ ಮಾತ್ರೆಯ ವಿಷಯವನ್ನು ಮಾತ್ರ ಬಾಗಿಲು ಮುಂದೆ ಮಾಡಿ ನನ್ನ ಕಿವಿಯಲ್ಲಿ ಹೇಳುತ್ತಾರೆ. ಹೆಣ್ಣು ಹುಡುಕಿಕೊಂಡು ಬಂದಿದ್ದ, ಕುದಾಪುರದ ವಿಜ್ಞಾನ ಸಂಸ್ಥೆಯ ಕ್ಯಾಂಪಸ್ಸಿನಲ್ಲಿ ಕೆಲಸಕ್ಕಿದ್ದ ಒಬ್ಬಾತ ನನ್ನ ಕಂಪ್ಯೂಟರ್ ನೋಡಿ ಗಾಬರಿಯಾಗಿ, ಇಡೀ ಹಾರ್ಡ್‌ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿಕೊಟ್ಟ. ಡಿಸ್ಕ್ ಬಿಚ್ಚಿಕೊಂಡು ಹೋದರೂ ಪಾಸ್‌ವರ್ಡ್ ಇಲ್ಲದೆ ಒಂದಕ್ಷರ ಕಾಣುವುದಿಲ್ಲ, ನೀವು ಮರೆತರೆ ನಾನೂ ಏನೂ ಮಾಡಲಾರೆ ಎಂದ. ಅವನಿಗೆ ಹೆಣ್ಣು ಇನ್ನೂ ಸಿಕ್ಕಿಲ್ಲ, ಅದು ಬೇರೆ ವಿಷಯ.

ನನ್ನಲ್ಲಿ ಹೆಸರು ಬರೆಸಿದ್ದ ಗಂಡೊಬ್ಬ ಹಳೆಯ ಮದುವೆಯನ್ನು ಮುಚ್ಚಿಟ್ಟು ಇನ್ನೊಂದು ಹೆಣ್ಣನ್ನು ಒಪ್ಪಿಕೊಂಡಿದ್ದನಂತೆ. ಹೆಣ್ಣಿನ ಕಡೆಯವರು ದೂರು ಕೊಟ್ಟರು. ಒಂದು ಸಂಜೆ ಸಬ್ ಇನ್ಸ್‌ಪೆಕ್ಟರು ಜೀಪಿನಲ್ಲಿ ಬಂದಿಳಿದರು. ಆ ಮನುಷ್ಯ ಕೊಟ್ಟ ಕಾಗದಗಳನ್ನೆಲ್ಲ ಪ್ರಿಂಟ್ ತೆಗೆದು ಸಹಿ ಹಾಕಿ ಕೊಡುತ್ತೇನೆ ಎಂದೆ. ಅದು ಸಾಲದಂತೆ. ಕಂಪ್ಯೂಟರನ್ನು ಪಂಚರ ಮುಂದೆ ತೆರೆದು ನೋಡಿ, ಮಹಜರು ಬರೆದು, ಪಾಸ್‌ವರ್ಡ್ ಸಮೇತ ಒಯ್ಯಬೇಕಂತೆ.

ಪಂಚರೆಂದರೆ ಸಾಕ್ಷಿಗೆ ನಿಲ್ಲುವ ಇಬ್ಬರು ಮರ್ಯಾದಸ್ಥರು. ಪೇದೆ ಹೋಗಿ ಕರೆತಂದದ್ದು ಎದುರಿನ ಬೇಕರಿಯವರನ್ನು, ಮತ್ತೆ ಅದೇ ಬೀದಿಯ ಎಣ್ಣೆ ಮಿಲ್ಲಿನ ಯಜಮಾನರನ್ನು. ಯಜಮಾನರು ಒಳಗೆ ಬಂದದ್ದು ನೋಡಿ ಮಾನಿಟರನ್ನು ನನ್ನ ಕಡೆಗೆ ತಿರುಗಿಸಿಕೊಂಡೆ. ಅವರ ತಮ್ಮನ ಮಗನಿಗೆ ಮೊಳಕಾಲ್ಮುರಿನ ಹುಡುಗಿಯೊಬ್ಬಳನ್ನು ಗೊತ್ತು ಮಾಡಿದವಳು ನಾನೇ. ಆ ಹುಡುಗಿಗೆ ಚಿಕ್ಕಂದಿನಿಂದ ಮೂರ್ಛೆ ರೋಗ. ಮಾತ್ರೆಯಿಂದ ಹತೋಟಿಗೆ ಬಂದಿದೆ. ಹುಡುಗನಿಗೆ ಅವಳೇ ಹೇಳಿದ್ದಳು, ಅವನೂ ಒಪ್ಪಿದ್ದ. ಮನೆಯ ಹಿರಿಯರಿಗೆ ಸಮಯ ನೋಡಿ ತಾನೇ ಹೇಳುತ್ತೇನೆ, ಅಲ್ಲಿಯವರೆಗೆ ಯಾರಲ್ಲೂ ಬಾಯಿ ಬಿಡಬೇಡಿ ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದ. ಡಾಕ್ಟರ ಚೀಟಿಯ ಸಮೇತ ಅದೆಲ್ಲ ಇದ್ದದ್ದು, ಕಂಪ್ಯೂಟರ್ ತೆರೆದರೆ ಮೊದಲು ಕಾಣುವ ಫೋಲ್ಡರಿನಲ್ಲಿ.

ಬೇರೆ ಪಂಚರನ್ನು ಕರೆಸಿ ಎಂದು ಕೇಳಿದೆ. ಯಾಕೆಂದು ಹೇಳಲಾಗದೆ ತಡವರಿಸಿದೆ. ಯಜಮಾನರ ಮುಖ ಕಪ್ಪಿಟ್ಟಿತು.

“ಯಾಕಮ್ಮ, ನಮ್ಮ ಮ್ಯಾಲೆ ನಂಬಿಕೆ ಇಲ್ಲೇನು?”

ಪರಿಚಯದ ವಕೀಲರಿಗೆ ಫೋನ್ ಮಾಡಿದೆ. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತ ಮಾಡುವಂತಿಲ್ಲ, ಅದು ಸಂವಿಧಾನದಲ್ಲೇ ಇದೆ ಎಂದರು. ನನಗೆ ಜೀವ ಬಂದಂತಾಯಿತು. ಆದರೆ ನೀವು ಆರೋಪಿಯಲ್ಲವಲ್ಲ ಎಂದು ಮುಂದುವರಿಸಿದರು. ಪಾಸ್‌ವರ್ಡ್ ಬರೀ ಬೀಗದ ಕೈ ಎಂದು ಒಂದು ಕೋರ್ಟು, ಅಲ್ಲ, ಅದು ತಲೆಯೊಳಗಿನ ಮಾತು ಎಂದು ಇನ್ನೊಂದು. ಸರ್ಕಾರದ ಆದೇಶ ತಂದರೆ ತೆರೆಯಲೇಬೇಕು, ತಂದಿದ್ದಾರಾ ಕೇಳಿ ಎಂದರು. ಕೇಳಿದೆ. ತರಿಸಿದರಾಯಿತು ಎಂದರು ಸಬ್ ಇನ್ಸ್‌ಪೆಕ್ಟರು. ನನಗೆ ಮೈಯೆಲ್ಲ ಉರಿಯಿತು. ಮೋಸ ಮಾಡಿದವನಿಗೆ ಬಾಯಿ ಮುಚ್ಚಿಕೊಂಡಿರುವ ಹಕ್ಕಿದೆ, ಏನೂ ಮಾಡದ ನನಗೆ ಅದೂ ಇಲ್ಲ! ಅಷ್ಟಕ್ಕೂ ನನ್ನ ಜಗಳ ಪೊಲೀಸರ ಜೊತೆಗಲ್ಲ. ಅವರು ನೋಡಿ ಮರೆತಾರು. ಪಕ್ಕದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತವರ ಕಣ್ಣು ತಪ್ಪಿಸುವುದು ಹೇಗೆಂದು ಯಾವ ಕೋರ್ಟೂ ಹೇಳಿಲ್ಲ.

ಅಷ್ಟರಲ್ಲಿ ಸುದ್ದಿ ತಿಳಿದು ನಮ್ಮ ಭಾವನವರು ಬಂದರು. ಬಂದವರೇ, ನಮ್ಮ ಮನೆತನದವರು ಏನೂ ಮುಚ್ಚಿಡುವವರಲ್ಲ, ಈಗಲೇ ತೆರೆಸುತ್ತೇನೆ ಎಂದು ಸಬ್ ಇನ್ಸ್‌ಪೆಕ್ಟರಿಗೆ ಮಾತು ಕೊಟ್ಟುಬಿಟ್ಟರು. ಬಾಯಿ ಅವರದು, ಪಾಸ್‌ವರ್ಡ್ ನನ್ನದು. ನಾನು ಕೀಬೋರ್ಡಿನ ಮೇಲೆ ಎರಡೂ ಕೈ ಊರಿ, ತೆರೆಯುವುದಿಲ್ಲ ಎಂದೆ. ಹಾಗಾದರೆ ಸ್ಟೇಷನ್ನಿಗೆ ನಡೀರಿ ಎಂದರು ಸಬ್ ಇನ್ಸ್‌ಪೆಕ್ಟರು.

ನಾನು ಗೊತ್ತು ಮಾಡಿದ್ದ ಆ ಹುಡುಗಿ ಚಳ್ಳಕೆರೆಯ ಶಾಲೆಯೊಂದರಲ್ಲಿ ಟೀಚರು. ಸಂಜೆ ಮೊಳಕಾಲ್ಮುರಿನ ಬಸ್ಸಿಗೆ ನಮ್ಮ ಬೀದಿಯಲ್ಲೇ ಹೋಗುತ್ತಿದ್ದಳು. ಜೀಪು ನೋಡಿ ಒಳಗೆ ಬಂದಳು. ಏನಾಯಿತೆಂದು ಬೇಕರಿಯವರನ್ನು ಕೇಳಿದಳು. ಅವರು, ಮೇಡಂ ಕಂಪ್ಯೂಟರ್ ತೆಗೆಯಲ್ಲ ಅಂತಾರೆ, ಸ್ಟೇಷನ್ನಿಗೆ ಕರೆದೊಯ್ಯುತ್ತಾರಂತೆ ಎಂದರು. ಅವಳು ಯಜಮಾನರನ್ನು ನೋಡಿದಳು, ನನ್ನನ್ನು ನೋಡಿದಳು. ನಾನು ಬೇಡವೆಂದು ತಲೆಯಾಡಿಸುತ್ತಲೇ ಇದ್ದೆ.

“ಅಕ್ಕ ಮುಚ್ಚಿಡ್ತಿರೋದು ನನ್ನ ವಿಷ್ಯ ರೀ,” ಎಂದಳು ಯಜಮಾನರಿಗೆ. “ನಂಗೆ ಮೂರ್ಛೆ ರೋಗ ಐತೆ. ಮಾತ್ರೆ ತಗಂತೀನಿ. ನಿಮ್ಮ ಹುಡುಗಂಗೆ ಎಲ್ಲಾ ಗೊತ್ತೈತೆ.”

ಯಜಮಾನರು ಅವಳ ಕಡೆ ತಿರುಗಲೇ ಇಲ್ಲ. ನನ್ನನ್ನೇ ದುರುಗುಟ್ಟಿಕೊಂಡು ನೋಡಿ, ಚಪ್ಪಲಿ ಮೆಟ್ಟಿ ಹೊರಟುಹೋದರು. ಪಂಚರಲ್ಲಿ ಒಬ್ಬರು ಹೋದ ಮೇಲೆ ಮಹಜರು ನಿಂತಿತು. ಸಬ್ ಇನ್ಸ್‌ಪೆಕ್ಟರು ಹೊರಗೆ ಹೋಗಿ ಯಾರಿಗೋ ಫೋನ್ ಮಾಡಿ ಬಂದು, ಸದ್ಯಕ್ಕೆ ಆ ಗಂಡಿನ ಕಾಗದಗಳ ಪ್ರಿಂಟ್ ಸಾಕು ಮೇಡಂ, ಸಹಿ ಹಾಕಿ ಕೊಡಿ ಎಂದರು. ಅವರು ಬಂದ ಕೂಡಲೇ ನಾನು ಕೊಡುತ್ತೇನೆಂದದ್ದೂ ಅದನ್ನೇ! ಪ್ರಿಂಟರು ಕಾಗದ ಉಗುಳುತ್ತಿರುವಾಗ ನನಗೆ ಸಿಟ್ಟಿಗೆ ಅಳು ಬಂತು. ಪಾಸ್‌ವರ್ಡ್ ಯಾರಿಗೂ ಸಿಗಲಿಲ್ಲ, ಗುಟ್ಟು ಮಾತ್ರ ಬೀದಿಗೆ ಬಂತು.

ಸಂಬಂಧ ಮುರಿಯಿತು. ಹುಡುಗ ನನ್ನ ಫೋನ್ ಎತ್ತುವುದನ್ನೂ ಬಿಟ್ಟ, ಅವಳದನ್ನೂ ಬಿಟ್ಟ. ಎಲ್ಲ ಗೊತ್ತಿದ್ದು ಒಪ್ಪಿದವನು ದೊಡ್ಡಪ್ಪನ ಮುಂದೆ ಉಸಿರೆತ್ತಲಿಲ್ಲ.

ಕೆಲವು ದಿನಗಳ ಮೇಲೆ ಅವಳು ಶಾಲೆ ಮುಗಿಸಿಕೊಂಡು ಬಂದಳು. ನಾನು ಕ್ಷಮೆ ಕೇಳಲು ಬಾಯಿ ತೆಗೆಯುವುದರೊಳಗೆ ತಡೆದಳು.

“ನನ್ನ ಬಯೋಡೇಟಾ ತಗೀರಿ ಅಕ್ಕ. ಹೆಸರಿನ ಕೆಳಗೇ ಬರೀರಿ, ಮೂರ್ಛೆ ರೋಗ ಐತೆ ಅಂತ.”

ಹಾಗೆ ಬರೆದರೆ ಜನ ಅದರ ಮುಂದಕ್ಕೆ ಓದುವುದೇ ಇಲ್ಲ ಎಂದೆ.

“ಓದ್ದೇ ಇರೋರು ಓದ್ದೇ ಇರ್ಲಿ ಬಿಡ್ರಿ,” ಎಂದು ಕುರ್ಚಿ ಎಳೆದುಕೊಂಡು, ನಾನು ಟೈಪ್ ಮಾಡುವುದನ್ನೇ ಕಾಯುತ್ತ ಕೂತಳು.