ಅಕ್ಕ ಹೇಳಿದ ‘ಇಲ್ಲ’ಗಳು

ಇದು ಎಪ್ಪತ್ತರ ದಶಕದ ಕೊನೆಯದೋ ಎಂಬತ್ತರ ಮೊದಲಿನದೋ, ಖಚಿತವಿಲ್ಲ. ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನೆಯುತ್ತಿರಬಹುದು. ದಿನಚರಿಯಲ್ಲಿ ‘ಬಾಗಲಕೋಟೆಗೆ ಹೋಗಿ ಬಂದೆವು’ ಎಂದಷ್ಟೇ ಇದೆ.

ಅಕ್ಕನ ಮಗಳಿಗೆ ಆಗ ಆರೋ ಏಳೋ. ಮಾತು ಬಂದಿರಲಿಲ್ಲ. ಕರೆದರೆ ತಿರುಗುತ್ತಿರಲಿಲ್ಲ. ಕಿವಿ ಮಾತ್ರ ಚುರುಕು. ಒಳಗೆ ಮಗ್ಗದ ಸಪ್ಪಳ ನಿಂತರೆ ತಲೆ ಎತ್ತುತ್ತಿದ್ದಳು. ಹುಡುಗಿ ಕಲಿಯಬಲ್ಲಳೆಂದು ಪರೀಕ್ಷೆ ಮಾಡಿದವರು ಬರೆದುಕೊಟ್ಟರೆ ನಮ್ಮೂರು ಇಳಕಲ್ಲಿನ ಶಾಲೆಯವರು ಸೇರಿಸಿಕೊಳ್ಳುವವರಿದ್ದರು. ಇಲ್ಲದಿದ್ದರೆ ಬೆಳಗಾವಿಯಲ್ಲಿ ಇಂಥ ಮಕ್ಕಳಿಗೆಂದೇ ಇದ್ದ ವಸತಿಶಾಲೆಯೇ ಗತಿ. ನಾನು ಮನಃಶಾಸ್ತ್ರ ಓದಿದವಳೆಂದು ಅಕ್ಕ ಜೊತೆಗೆ ಕರೆದೊಯ್ದಳು.

ಬಾಗಲಕೋಟೆಯ ದವಾಖಾನೆಗೆ ಬಂದಿದ್ದ ಪರೀಕ್ಷಕರು ಮೈಸೂರು ಕಡೆಯವರು. ಹಲಗೆಯ ಗುಳಿಗಳಲ್ಲಿ ಮರದ ಆಕಾರಗಳನ್ನು ಕೂಡಿಸಲು ಹೇಳಿ ಗಡಿಯಾರ ಒತ್ತಿದರು. ಹುಡುಗಿ ನಾಲ್ಕಾರು ಕೂಡಿಸಿದಳು. ಆಮೇಲೆ ದುಂಡನೆಯ ತುಂಡನ್ನು ಕೈಯಲ್ಲಿ ಹಿಡಿದು ಸುಮ್ಮನೆ ಕುಳಿತಳು. ನಂತರ ತಾಯಿಗೆ ಕೇಳುವ ಪ್ರಶ್ನೆಗಳು. ಅವರ ಮಾತು ಅಕ್ಕನಿಗೆ ಪುಸ್ತಕದಂತೆ ಕೇಳಿಸುತ್ತಿತ್ತು. ನಾನು ನಮ್ಮ ಮಾತಿನಲ್ಲಿ ತಿರುಗಿಸಿ ಕೇಳಿದೆ.

“ತನ್ನ ಕೈಲೆ ತಾನ ಉಣ್ತಾಳೇನು?”

“ಇಲ್ರಿ.”

“ಅಂಗಿ ತಾನ ಹಾಕ್ಕೊತಾಳೇನು?”

“ಎಲ್ಲೀದ್ರಿ. ಎಲ್ಲಾ ನಾನ ಮಾಡಬೇಕ್ರಿ.”

“ಅಕ್ಕಾ, ಸ್ವಲ್ಪ ವಿಚಾರ ಮಾಡಿ ಹೇಳು.”

“ನೀ ಸುಮ್ಮ ಕೂಡ. ಹಡದಾಕಿ ನಾನೋ ನೀನೋ?”

ಪರೀಕ್ಷಕರು ನಕ್ಕು ಬರೆದುಕೊಂಡರು. ಒಂದೊಂದು ‘ಇಲ್ಲ’ಕ್ಕೂ ಹುಡುಗಿಯ ಬುದ್ಧಿಯ ವಯಸ್ಸು ಅವರ ಲೆಕ್ಕದಲ್ಲಿ ಕೆಳಗಿಳಿಯುತ್ತದೆಂದು ನನಗೆ ಗೊತ್ತಿತ್ತು. ಅಕ್ಕನಿಗೆ ಗೊತ್ತಿತ್ತೇ, ಗೊತ್ತಿಲ್ಲ.

ಮರಳುವಾಗ ಹುನಗುಂದದಲ್ಲಿ ಬಸ್ಸು ನಿಂತಿತು. ಹುಡುಗಿ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿಗೆ ಹಚ್ಚಿಕೊಂಡು ತಿನ್ನುತ್ತಿದ್ದಳು. ಪಕ್ಕದ ಮುದುಕಿ, “ಚೊಲೋ ಉಣ್ತಾಳಲ್ಲವಾ ಕೂಸು” ಎಂದಳು. ಅಕ್ಕ ಸೆರಗಿನಿಂದ ರೊಟ್ಟಿ ಮರೆ ಮಾಡಿದಳು. “ಎಲ್ಲಿ ಉಣ್ತಾಳ್ರಿ ಯಮ್ಮಾ, ಏನೂ ಮುಟ್ಟಂಗಿಲ್ಲ. ನೋಡ್ರಿ, ಹೆಂಗ ಒಣಗ್ಯಾಳ.”

ದೃಷ್ಟಿ ತಾಗುತ್ತದೆಂದು ನಮ್ಮ ಮನೆಗಳಲ್ಲಿ ಹೊರಗಿನವರ ಎದುರು ಮಕ್ಕಳ ಒಳ್ಳೆಯದನ್ನು ಹೇಳುವುದಿಲ್ಲ. ಅದು ನನಗೆ ಹೊಸದಲ್ಲ. ಆದರೂ ನಾನು ಕಿಟಕಿಯ ಹೊರಗೆ ನೋಡುತ್ತ ಕುಳಿತೆ. ಏನೂ ಅನಿಸಲಿಲ್ಲ. ಅಥವಾ ಈಗ ಹಾಗೆ ನೆನಪಾಗುತ್ತಿದೆ.

ಪರೀಕ್ಷೆಯಲ್ಲಿ ಬಂದ ಅಂಕಿ ಕಡಿಮೆಯಿತ್ತು. ಜೂನ್ ತಿಂಗಳಲ್ಲಿ ಹುಡುಗಿ ಬೆಳಗಾವಿಗೆ ಹೋದಳು, ಅಲ್ಲಿಯೇ ಬೆಳೆದಳು. ಅಕ್ಕನ ‘ಇಲ್ಲ’ ಒಂದರಿಂದಲೇ ಹಾಗಾಯಿತೆಂದು ಹೇಳಲಾರೆ. ಹಲಗೆಯ ಮುಂದೆಯೂ ಅವಳು ಸುಮ್ಮನೆ ಕುಳಿತಿದ್ದಳಲ್ಲ. ಬಸ್ಸಿನಲ್ಲಿ ರೊಟ್ಟಿಯನ್ನು ತಾನೇ ಮುರಿದಳೋ, ಅಕ್ಕ ಮುರಿದು ಕೊಟ್ಟಿದ್ದಳೋ, ಅದೂ ಈಗ ಸ್ಪಷ್ಟವಿಲ್ಲ.

ಕೆಲವು ವರ್ಷಗಳ ನಂತರ ಬಾದಾಮಿಯಲ್ಲಿ, ಒಂದು ಮದುವೆ ಮನೆಯ ಹಿತ್ತಲಲ್ಲಿ, ಅಕ್ಕನೂ ನಾನೂ ಅಕ್ಕಿ ಆರಿಸುತ್ತ ಕುಳಿತಾಗ ಕೇಳಿದೆ. ಅವಳು ಮೊರದೊಳಗಿನ ಕಲ್ಲು ಹೆಕ್ಕುತ್ತಲೇ ಇದ್ದಳು.

“ಅಕ್ಕಾ, ಅವತ್ತ ದವಾಖಾನ್ಯಾಗ ದಿಷ್ಟಿಗೆ ಅಂಜಿ ಇಲ್ಲ ಅಂದಿಯೋ, ಖರೇನ ಅಕಿಗೆ ಬರತಿರಲಿಲ್ಲೋ?”