ಮಲ್ಲಿಗೆಗೆ ನೀರು ನಿಲ್ಲಿಸಿದ ಮಾಘ

ಕುರಿಗಳು ನಮ್ಮ ನಡುಮನೆಯನ್ನು ದಾಟಿಕೊಂಡೇ ಹಿತ್ತಿಲಿಗೆ ಹೋದವೋ ಇಲ್ಲವೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಅವು ಒಂದರ ಹಿಂದೊಂದು ಬಂದು, ಅಪ್ಪ ಓದುತ್ತಿದ್ದ ಪತ್ರಿಕೆಯನ್ನು ಮೂಸಿ ಮುಂದೆ ಹೋಗುತ್ತವೆ. ನನ್ನ ತಂಗಿಯ ಪ್ರಕಾರ ಹಿರಿಯೂರಿನ ಆ ಮನೆಯ ಹಿಂದೆ ಓಣಿಯಿತ್ತು, ಕುರಿಗಳು ಅಲ್ಲಿಂದ ಬಂದವು. ಪತ್ರಿಕೆಯ ಸಂಗತಿಯನ್ನು ನಾನೇ ಆಮೇಲೆ ಸೇರಿಸಿಕೊಂಡಿರಬಹುದು. ಕುರಿಗಳು ಬಂದದ್ದಂತೂ ನಿಜ. ಅದರಲ್ಲಿ ನಮ್ಮಿಬ್ಬರಿಗೂ ತಕರಾರಿಲ್ಲ.

ಬಂದದ್ದು ಅಮ್ಮನ ದುಂಡುಮಲ್ಲಿಗೆಯನ್ನು ಮೇಯಲಿಕ್ಕೆ. ಕರೆಸಿದವಳು ಅಮ್ಮನೇ.

ನಮ್ಮ ಕಡೆ ಚಳಿ ಹಿಂದೆಗೆಯುವ ಹೊತ್ತಿಗೆ ಹೂವಿನ ತೋಟದವರು ಮಲ್ಲಿಗೆಗೆ ನೀರು ನಿಲ್ಲಿಸುತ್ತಾರೆ. ಗಿಡ ಬಾಡಿದ ಮೇಲೆ ಕುರಿ ಬಿಟ್ಟು ಎಲೆ ಮೇಯಿಸಿ, ಉಳಿದ ಕಡ್ಡಿಯನ್ನು ಕುಡುಗೋಲಿನಿಂದ ಸವರಿ, ಬುಡದ ಮಣ್ಣು ಬಿಡಿಸಿ ಬೇರಿಗೆ ಬಿಸಿಲು ತೋರಿಸುತ್ತಾರೆ. ಆಮೇಲೆ ಗೊಬ್ಬರ, ಅದರ ಮೇಲೆ ಧಾರಾಳವಾಗಿ ನೀರು. ಬೇಸಿಗೆಯ ಮೊಗ್ಗಿಗೆ ಇಷ್ಟೂ ಆಗಬೇಕು.

ಅಮ್ಮ ಇದನ್ನೆಲ್ಲ ಬಲ್ಲಳು. ಗಿಡ ಅವಳ ತವರು ತುರುವನೂರಿನಿಂದ ಬಂದದ್ದು, ಅಜ್ಜಿ ಕೈಯಾರೆ ಮುರಿದುಕೊಟ್ಟ ಕಡ್ಡಿ. ಅಜ್ಜಿ ತೀರಿಕೊಂಡು ಆ ಮನೆ ಬೇರೆಯವರ ಪಾಲಾದ ಮೇಲೆ, ತವರಿನದೆಂದು ಅವಳಿಗೆ ಉಳಿದಿದ್ದ ಜೀವ ಅದೊಂದೇ. ಅದು ಎರಡು ಬೇಸಿಗೆಯಿಂದ ಹೂ ಬಿಟ್ಟಿರಲಿಲ್ಲ.

"ಬರೀ ಸೊಪ್ಪು ಬೆಳೀತೈತೆ," ಎಂದರು ಅಪ್ಪ. "ಯುಗಾದಿಗೆ ಮೊಗ್ಗು ಕಾಣ್ಲಿಲ್ಲ ಅಂದ್ರೆ ಕಿತ್ತು ನುಗ್ಗೆ ಹಾಕ್ತೀನಿ. ಸಾರಿಗಾದ್ರೂ ಆಗ್ತೈತೆ."

ನಾನಾಗ ಮೈಸೂರಿನಲ್ಲಿ ಸಸ್ಯಶಾಸ್ತ್ರ ಓದುತ್ತಿದ್ದೆ. ವಿಷಮಶೀತ ಜ್ವರ ಹಿಡಿದು ಮನೆಗೆ ಬಂದವನಿಗೆ ಹಿತ್ತಿಲ ಬಿಸಿಲಿನಲ್ಲಿ ಕೂರುವುದನ್ನು ಬಿಟ್ಟು ಕೆಲಸವಿರಲಿಲ್ಲ. ಹಾಗಾಗಿ ಅಮ್ಮ ಕಂಡುಹಿಡಿದ ಸಂಗತಿ ನನ್ನ ಕಣ್ಣೆದುರಿಗೇ ನಡೆಯಿತು. ಅವಳು ಪುಷ್ಯದಲ್ಲೇ ನೀರು ನಿಲ್ಲಿಸಿದ್ದಳು. ಗಿಡ ಮಾತ್ರ ಬಾಡುತ್ತಿರಲಿಲ್ಲ. ಕಾರಣ ನಾವೇ. ನಮ್ಮಂಥ ಬಯಲುಸೀಮೆಯವರಿಗೆ ಲೋಟದಲ್ಲಿ ಮಿಕ್ಕ ನೀರನ್ನು ಬರಿನೆಲಕ್ಕೆ ಚೆಲ್ಲಲು ಕೈಯೇ ಬಾರದು, ಹತ್ತಿರದ ಗಿಡದ ಬುಡ ಹುಡುಕುತ್ತೇವೆ. ಅಪ್ಪ ಗಡ್ಡ ಹೆರೆದ ಮಗ್ಗನ್ನು ಅಲ್ಲೇ ಬಗ್ಗಿಸುತ್ತಿದ್ದರು. ನಮ್ಮ ಜೊತೆಗೇ ಇದ್ದ ಅತ್ತೆ, ಅಪ್ಪನ ಅಕ್ಕ, ಅಕ್ಕಿ ತೊಳೆದ ನೀರು ತರುತ್ತಿದ್ದಳು. ಬಂದ ನೆಂಟರು ಕೂಡ ಕೈ ತೊಳೆಯುವಾಗ ಆ ಕಡೆಗೇ ವಾಲುತ್ತಿದ್ದರು.

ಅಮ್ಮ ಗಿಡದ ಸುತ್ತ ಜಾಲಿ ಮುಳ್ಳು ಒಟ್ಟಿದಳು. ಅತ್ತೆ ಮುಳ್ಳಿನ ಮೇಲಿಂದಲೇ ಎರಚಿದಳು.

"ಅತ್ತಿಗೇರೇ, ಹಾಕಬ್ಯಾಡ್ರಿ ಅಂದ್ನಲ್ಲ!"

"ಒಂದು ಗುಟುಕು ಕಣೇ. ಬಾಯಿಲ್ಲದ ಜೀವ, ಶಾಪ ಹಾಕೀತು."

"ಹೊಟ್ಟೆ ತುಂಬಿದ್ರೆ ಅದು ಯಾಕ್ರಿ ಹೂ ಬಿಡ್ತೈತೆ? ಸೊಪ್ಪು ಹೊದ್ದು ಮಲಗ್ತೈತೆ."

ಗಡಸು ಮಾತು ಕಲಿಯುವುದು ಅಮ್ಮನಿಗೆ ಕಷ್ಟವಾಗಿತ್ತೆಂದು ಈಗ ಅನ್ನಿಸುತ್ತದೆ. ಆಗ ನಾನು ನಡುವೆ ಬಾಯಿ ಹಾಕಿದೆ: ಎಲೆಯೇ ಗಿಡದ ಅಡುಗೆಮನೆ, ಅದನ್ನು ಕುರಿಗೆ ಕೊಟ್ಟರೆ ಗಿಡ ಉಪವಾಸ ಬೀಳುತ್ತದೆ.

"ಇಷ್ಟು ದೊಡ್ಡ ಅಡುಗೆಮನೆ ಐತಲ್ಲ," ಎಂದಳು. "ಎರಡು ವರ್ಷದಿಂದ ಏನು ಬೇಯಿಸ್ತೈತೆ, ಕೇಳು."

ಕಡೆಗೆ ಅವಳು ನೀರಿನ ಹಂಡೆಯನ್ನೇ ಹಿತ್ತಿಲಿನಿಂದ ಜಗುಲಿಗೆ ಎಳೆಸಿದಳು. ಮಾಘದ ನಡುವಿಗೆ ಎಲೆ ಜೋತುಬಿದ್ದವು. ತೋಟಗಳಿಗೆ ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಕುರಿಗಾರನನ್ನು ಕರೆದಾಗ ಅವನು ಹಿತ್ತಿಲು ನೋಡಿ ನಕ್ಕ.

"ಒಂದು ಗಿಡಕ್ಕೆ ಮಂದೆ ಬಿಡ್ಲೇನವ್ವ? ಕುರಿಗೆ ಹಲ್ಲು ಉಜ್ಜಕ್ಕೂ ಸಾಲಲ್ಲ."

"ನಿನ್ನ ಕುರಿ ಹಲ್ಲು ಉಜ್ಜಿದ್ದು ಯಾವಾಗಪ್ಪ? ಬಿಡು, ಬಿಡು."

ಅವು ಕ್ಷಣದಲ್ಲಿ ಮುಗಿಸಿದವು. ಉಳಿದದ್ದು ಒಂದು ಹಿಡಿ ಕಡ್ಡಿ, ಹಿಕ್ಕೆಯ ರಾಶಿ. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅಮ್ಮ ಕಡ್ಡಿ ಸವರಿ ಬುಡ ಬಿಡಿಸಿದಳು. ಬೇರು ಬಿಸಿಲಿಗೆ ಬಿದ್ದ ದಿನ ಅವಳು ಸರಿಯಾಗಿ ಊಟ ಮಾಡಲಿಲ್ಲ. ಅದೇ ಹಿಕ್ಕೆ ತುಂಬಿ ಮಣ್ಣು ಮುಚ್ಚಿದ ಮೇಲೆ, ಮೊದಲ ಕೊಡ ಹೊತ್ತು ತಂದವಳು ಅತ್ತೆ.

ಯುಗಾದಿಯ ಬೆಳಿಗ್ಗೆ ಅಪ್ಪ ಎಣ್ಣೆ ಹಚ್ಚಿದ ಮೈಯಲ್ಲೇ ಗಿಡದ ಮುಂದೆ ಬಗ್ಗಿ ನಿಂತದ್ದು ನನಗೆ ಚೆನ್ನಾಗಿ ಕಾಣುತ್ತದೆ.

"ಇದು ಚಿಗುರು ಕಣೇ, ಮೊಗ್ಗಲ್ಲ."

"ಕನ್ನಡಕ ಹಾಕ್ಕಳ್ರಿ."

"ಕನ್ನಡಕದಾಗೂ ಚಿಗುರೇ. ಇರ್ಲಿ, ಇನ್ನೊಂದು ವಾರ ನೋಡಾಣ."

ಆದರೆ ಆ ದಿನ ನಾನು ಮನೆಯಲ್ಲಿದ್ದೆನೇ? ಅಷ್ಟು ಹೊತ್ತಿಗೆ ಪರೀಕ್ಷೆಗೆಂದು ಮೈಸೂರಿಗೆ ಮರಳಿರಬೇಕು. ಅಮ್ಮ ಹೇಳಿದ್ದನ್ನು ಕಣ್ಣಾರೆ ಕಂಡಂತೆ ಇಟ್ಟುಕೊಂಡಿದ್ದೇನೆಯೇ? ಹಬ್ಬದ ಹೊತ್ತಿಗೆ ಮೊಗ್ಗು ಬಂತೋ, ವಾರದ ಮೇಲೆ ಬಂತೋ, ಅಪ್ಪನೇ ಸೋತಂತೆ ನಟಿಸಿದರೋ, ಕೇಳೋಣವೆಂದರೆ ಇಬ್ಬರೂ ಇಲ್ಲ. ಬಂದಿದ್ದರೂ ಒಂದು ಗಿಡದ ಒಂದು ಬೇಸಿಗೆಯಿಂದ ಏನೂ ಸಾಬೀತಾಗುವುದಿಲ್ಲ. ಆ ವರ್ಷದ ಬಿಸಿಲೇ ಬೇರೆಯಿದ್ದಿರಬಹುದು.

ಮನೆ ಮಾರಿ ಎಷ್ಟೋ ವರ್ಷಗಳಾದ ಮೇಲೆ, ಚಿತ್ರದುರ್ಗದಿಂದ ಬಸ್ಸು ಹತ್ತಿ ಹೋಗಿ ಆ ಮನೆಯ ಬಾಗಿಲು ತಟ್ಟಿದೆ. ಹಿತ್ತಿಲು ನೋಡಬೇಕೆಂದಾಗ ಈಗಿನ ಒಡತಿ ಅನುಮಾನದಿಂದಲೇ ಕರೆದೊಯ್ದಳು. ಮೂಡಲ ಗೋಡೆಯ ಮಗ್ಗುಲಲ್ಲಿ ಮಣಿಕಟ್ಟಿನಷ್ಟು ದಪ್ಪಗೆ ಬಲಿತ ಮಲ್ಲಿಗೆಯ ಬುಡವಿತ್ತು. ಯಾವಾಗ ನೆಟ್ಟಿರಿ ಎಂದು ಕೇಳಿದೆ.

"ನಾವು ಹಾಕಿದ್ದಲ್ರಿ," ಎಂದಳು. "ಮನೆ ತಗಂಡಾಗಲೇ ಇತ್ತು."