ಪ್ರಶ್ನಾವಳಿಯಲ್ಲಿ ಕಾಲಂ ಇಲ್ಲದ ಬೀಗ

ಕೋವಿಡ್ ಮುಗಿದು ತರಗತಿಗಳು ಮತ್ತೆ ತುಂಬಿದ ವರ್ಷ ನಾನು ಬೆಂಗಳೂರಿನ ವಿಜಯನಗರದ ಒಂದು ಖಾಸಗಿ ಕಾಲೇಜಿನ ಮ್ಯಾನೇಜ್‌ಮೆಂಟ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕಿಯಾಗಿದ್ದೆ. ಪಾಠದ ಜೊತೆಗೆ ಪಿಎಚ್.ಡಿ. ನಡೆಯುತ್ತಿತ್ತು. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ, ಅಂದರೆ ಎಲ್ಲರೂ ಸಿ.ಎಸ್.ಆರ್. ಎಂದು ಕರೆಯುವುದು ನನ್ನ ವಿಷಯ. ದೊಡ್ಡ ಕಂಪನಿಗಳು ಲಾಭದ ಒಂದು ಪಾಲನ್ನು ಸಮಾಜಕ್ಕೆ ಖರ್ಚು ಮಾಡಬೇಕೆಂದು ಕಾನೂನು ಹೇಳುತ್ತದೆ. ಹೊರಗೆ ಹಾಗೆ ಖರ್ಚು ಮಾಡುವವರು ಒಳಗೆ ತಮ್ಮ ಕೆಲಸಗಾರರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬುದು ನನ್ನ ಪ್ರಶ್ನೆಯಾಗಿತ್ತು.

ಅಧ್ಯಯನಕ್ಕೆ ಸಿಕ್ಕಿದ್ದು ನಾಯಂಡಹಳ್ಳಿಯ ಒಂದು ಗಾರ್ಮೆಂಟ್ ಫ್ಯಾಕ್ಟರಿ. ಹೆಸರು ಹೇಳುವುದಿಲ್ಲ. ರಿಸೆಪ್ಷನ್ ಗೋಡೆಯ ತುಂಬ ಅವರು ಬಣ್ಣ ಬಳಿಸಿದ ಸರ್ಕಾರಿ ಶಾಲೆಗಳ ಫೋಟೋ. ಎಚ್.ಆರ್. ಮ್ಯಾನೇಜರ್ ಮಂಜುನಾಥ್ ಮೊದಲ ದಿನವೇ ಕಾಫಿ ತರಿಸಿ, ಉತ್ತರ ಕೊಡುವ ಇಪ್ಪತ್ತು ಜನರ ಪಟ್ಟಿಯನ್ನೂ ತಾವೇ ಕೊಟ್ಟರು. ಆ ಪಟ್ಟಿಯನ್ನು ನಾನು ಮಾಡಬೇಕಿತ್ತು. ಕೆಲಸ ಹಗುರವಾಯಿತೆಂದು ಸುಮ್ಮನಾದೆ.

ಬಿಡುವಾದಂತೆ ಬಂದು ಉತ್ತರಿಸಿದವರಲ್ಲಿ ಹದಿನೇಳನೆಯವರು ರೇಣುಕಾ. ಇದು ಅವರ ನಿಜವಾದ ಹೆಸರಲ್ಲ. ಊರು ಕೊಪ್ಪಳದ ಕಡೆ, ವಾಸ ಸುಂಕದಕಟ್ಟೆ, ಕೆಲಸ ಹೊಲಿದ ಬಟ್ಟೆಯನ್ನು ಒಪ್ಪ ಮಾಡುವ ಫಿನಿಶಿಂಗ್ ವಿಭಾಗದಲ್ಲಿ. ನನ್ನ ಪ್ರಶ್ನಾವಳಿಯಲ್ಲಿ 'ಕಾರ್ಖಾನೆಯಲ್ಲಿ ತುರ್ತು ನಿರ್ಗಮನ ದ್ವಾರ ಇದೆಯೇ?' ಎಂಬ ಪ್ರಶ್ನೆ ಇತ್ತು. ಹೌದು ಅಥವಾ ಇಲ್ಲ, ಎರಡೇ ಚೌಕ. ಅವರಿಗಿಂತ ಮೊದಲಿನ ಹದಿನಾರು ಜನ 'ಹೌದು' ಎಂದಿದ್ದರು. ರೇಣುಕಾ ಪೆನ್ನು ಹಿಡಿದುಕೊಂಡೇ ಕುಳಿತರು.

"ಬಾಗಲಾ ಐತ್ರೀ ಮೇಡಂ. ಆದ್ರ ಬೀಗ ಹಾಕ್ಯಾರ. ಅದಕ್ಕ ಎಲ್ಲಿ ಟಿಕ್ ಹೊಡೀಲಿ?"

ನಾನು ನಕ್ಕೆ. ಅವರೂ ನಕ್ಕರು. "ಹೌದು ಅಂತಾನೇ ಹಾಕಿ, ಬೀಗದ ವಿಷಯ ನಾನು ಪಕ್ಕದಲ್ಲಿ ಬರ್ಕೋತೀನಿ" ಎಂದೆ. ಅವತ್ತು ಹೊರಡುವ ಮುನ್ನ ಹಿಂಭಾಗಕ್ಕೆ ಹೋಗಿ ನೋಡಿದೆ. ಮೇಲೆ ಓಡುವ ಮನುಷ್ಯನ ಹಸಿರು ಬೋರ್ಡು, ಕೆಳಗೆ ಹಿತ್ತಾಳೆಯ ಬೀಗ. ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಮಂಜುನಾಥರನ್ನು ಕೇಳಿದಾಗ ಅವರು ಮುಚ್ಚಿಡಲಿಲ್ಲ. "ಬೀಗ ಹಾಕ್ದೆ ಇದ್ರೆ ಪೀಸುಗಳು ಆ ಕಡೆಯಿಂದ ಆಚೆ ಹೋಗ್ತವೆ ಮೇಡಂ. ಕೀ ಗೇಟಲ್ಲಿ ಸೆಕ್ಯೂರಿಟಿ ಹತ್ರ ಇರುತ್ತೆ, ಏನೂ ಪ್ರಾಬ್ಲಮ್ ಇಲ್ಲ."

ಲೇಖನದ ಕರಡು ಸಿದ್ಧವಾದಾಗ ನನ್ನ ಗೈಡ್ ಪೂರ್ತಿ ಓದಿ ಮೆಚ್ಚಿಕೊಂಡರು. "ಕಂಪನಿಯವರಿಗೆ ಒಂದ್ಸಲ ತೋರಿಸಿಬಿಡಮ್ಮ. ನಾಳೆ ಅವರು ಸುಳ್ಳು ಅಂದ್ರೆ ಕಷ್ಟ. ಎರಡೂ ಕಡೆ ಕೇಳೋದೇ ಎಥಿಕ್ಸ್" ಎಂದರು. ನನಗೂ ಅದು ಸರಿಯೆನಿಸಿತು. ಹೇಗೂ ಕರಡಿನಲ್ಲಿ ಯಾರ ಹೆಸರೂ ಇರಲಿಲ್ಲ. ಹೆಸರಿನ ಬದಲು ಸಂಕೇತ ಕೊಡುವುದು ನಮ್ಮ ಪದ್ಧತಿ. ಬೀಗದ ಮಾತನ್ನು 'ಆರ್-17' ಹೇಳಿದಂತೆ ಬರೆದಿದ್ದೆ.

ಆದರೆ ಕೊನೆಯ ಪುಟದಲ್ಲಿ ಒಂದು ಕೋಷ್ಟಕವಿತ್ತು. ಉತ್ತರಿಸಿದವರ ವಯಸ್ಸು, ಜಿಲ್ಲೆ, ವಿಭಾಗ, ಎಷ್ಟು ವರ್ಷದ ಸೇವೆ ಎಂಬ ವಿವರ. ಸಂಶೋಧನೆ ಮಾಡುವವರೆಲ್ಲ ಇಂಥ ಕೋಷ್ಟಕ ಹಾಕುತ್ತಾರೆ. ಹಾಕದಿದ್ದರೆ ಪರೀಕ್ಷಕರು ಕೇಳುತ್ತಾರೆ. ಆರ್-17: ಮೂವತ್ನಾಲ್ಕು ವರ್ಷ, ಕೊಪ್ಪಳ, ಫಿನಿಶಿಂಗ್, ಆರು ವರ್ಷ. ಆ ಫ್ಯಾಕ್ಟರಿಯ ಫಿನಿಶಿಂಗ್ ವಿಭಾಗದಲ್ಲಿ ಕೊಪ್ಪಳದ ಹೆಂಗಸು ಒಬ್ಬರೇ ಇದ್ದರು. ಅದು ನನಗೆ ಗೊತ್ತಿರಲಿಲ್ಲ. ತಿಳಿದುಕೊಳ್ಳಬೇಕು ಅನ್ನಿಸಲೂ ಇಲ್ಲ.

ಕರಡನ್ನು ಮಂಜುನಾಥರಿಗೆ ಕಳುಹಿಸಿದ ನಾಲ್ಕು ವಾರದ ನಂತರ, ಒಪ್ಪಿಗೆ ಪತ್ರ ತರಲು ಫ್ಯಾಕ್ಟರಿಗೆ ಹೋದೆ. ಬೆಳಿಗ್ಗೆ ಹನ್ನೊಂದು ಗಂಟೆ. ಮಂಜುನಾಥ್ ಸೈನ್ ಹಾಕಿ ಕೊಟ್ಟರು. ಒಂದು ಸಾಲನ್ನೂ ತಿದ್ದಿರಲಿಲ್ಲ.

"ನಿಮ್ಮ ಆರ್-ಹದಿನೇಳು ಆರಾಮಾಗಿದಾರೆ ಮೇಡಂ. ಬಾಗಿಲ ಬಗ್ಗೆ ಭಾಳ ಚಿಂತೆ ಅವ್ರಿಗೆ. ಅದಕ್ಕೇ ಬಾಗಿಲ ಪಕ್ಕಾನೇ ಹಾಕಿದೀವಿ. ನೋಡ್ಕೊಂಡು ಹೋಗಿ."

ನಾನು ಹಿಂಭಾಗಕ್ಕೆ ಹೋದೆ. ರೇಣುಕಾ ಅವರನ್ನು ಸ್ಪಾಟಿಂಗ್ ರೂಮಿಗೆ ಹಾಕಿದ್ದರು. ಬಟ್ಟೆಯ ಮೇಲಿನ ಎಣ್ಣೆ ಕಲೆಗಳನ್ನು ಥಿನ್ನರಿನಂಥ ದ್ರಾವಕ ಸಿಂಪಡಿಸಿ ತೆಗೆಯುವ ಕೋಣೆ ಅದು. ಕಿಟಕಿಯಿಲ್ಲ. ಒಂದು ಬಾಗಿಲು ಹಾಲ್ ಕಡೆಗೆ. ಇನ್ನೊಂದು, ಆ ಬೀಗ ಹಾಕಿದ ದ್ವಾರವಿರುವ ಇಕ್ಕಟ್ಟಾದ ಪ್ಯಾಸೇಜಿಗೆ. ಒಳಗೆ ಅವರು ಒಬ್ಬರೇ ಇದ್ದರು. ನನ್ನನ್ನು ನೋಡಿ ಕೈಯಲ್ಲಿದ್ದ ಸ್ಪ್ರೇ ಗನ್ ಕೆಳಗಿಟ್ಟರು.

"ಬರ್ರೀ. ನಿಮಗ ಹೇಳಿದ್ರ ಆಫೀಸಿಗೆ ಹೇಳಿದಂಗ ಅಂತ ಮೊದ್ಲ ಗೊತ್ತಿದ್ರ ನಾನೂ ಸುಮ್ನ 'ಹೌದು' ಅಂತಿದ್ದೆ."

"ನಾನು ನಿಮ್ಮ ಹೆಸರು ಹಾಕಿರಲಿಲ್ಲ" ಎಂದೆ.

"ಹೆಸರೊಂದು ಬಿಟ್ಟು ಎಲ್ಲಾ ಹಾಕೀರಂತಲ್ರೀ."

ದ್ರಾವಕದ ವಾಸನೆಗೆ ಕೆಮ್ಮು ಬಂತು, ಕಣ್ಣಲ್ಲಿ ನೀರು. ಅವರು ನನ್ನ ಮುಖ ನೋಡಿದರು. "ನಿಮಗ ರೂಢಿ ಇಲ್ಲ, ತಡೀರಿ, ಫ್ಯಾನ್ ಹಾಕ್ತೀನಿ" ಎಂದು ಹಾಲ್ ಬಾಗಿಲ ಪಕ್ಕದ ಸ್ವಿಚ್ ಒತ್ತಿದರು.

ಸ್ವಿಚ್ ಕಿಡಿ ಕಾರಿತು. ನೀಲಿಯದೊಂದು ಹಾಳೆ ಗಾಳಿಯಲ್ಲಿ ಬಿಚ್ಚಿಕೊಂಡಂತೆ ಕಂಡಿತು. ಕೆಳಗಿದ್ದ ದ್ರಾವಕದ ಕ್ಯಾನು ಹತ್ತಿಕೊಂಡಿತು. ಅವರ ಬಲಗೈ ತೋಳಿನವರೆಗೆ ಬೆಂಕಿ. ಪಕ್ಕದಲ್ಲಿದ್ದ ಬಟ್ಟೆಯ ರಾಶಿಗೆ ಕೈ ಒತ್ತಿ ಆರಿಸಿಕೊಂಡು, ಎಡಗೈಯಿಂದ ನನ್ನನ್ನು ಪ್ಯಾಸೇಜಿಗೆ ನೂಕಿದರು. ಹಾಲ್ ಕಡೆಯ ದಾರಿ ಉರಿಯುತ್ತಿತ್ತು. ಉಳಿದದ್ದು ಆ ಬಾಗಿಲು ಒಂದೇ.

ನಾನು ಬೀಗ ಹಿಡಿದು ಜಗ್ಗಿದೆ. ಅಲ್ಲಿ ಬೀಗವಿದೆಯೆಂದು ನಮ್ಮಿಬ್ಬರಲ್ಲಿ ಬರೆದಿಟ್ಟುಕೊಂಡವಳು ನಾನೇ. ಆದರೂ ಜಗ್ಗುತ್ತಲೇ ಇದ್ದೆ.

"ಕೆಳಗ ಕುಂದರ್ರಿ. ಹೊಗಿ ಮ್ಯಾಲ ಇರತೈತಿ" ಎಂದು ರೇಣುಕಾ ನನ್ನ ಭುಜ ಒತ್ತಿ ಕೂರಿಸಿದರು. ತಾವು ಕೂರಲಿಲ್ಲ. ಪ್ಯಾಸೇಜಿನ ಮೂಲೆಯಲ್ಲಿದ್ದ ಕಬ್ಬಿಣದ ಸ್ಟೂಲನ್ನು ಎಡಗೈಯಲ್ಲಿ ಎತ್ತಿ ಬಾಗಿಲಿಗೆ ಬಡಿಯುತ್ತ, ಹೊಗೆಯಲ್ಲೇ ನಿಂತರು. ಎಷ್ಟು ಹೊತ್ತೋ ಗೊತ್ತಿಲ್ಲ. ಕೀ ಗೇಟಿನಿಂದ ಬರಲೇ ಇಲ್ಲ. ಸದ್ದು ಕೇಳಿ ಪಕ್ಕದ ವರ್ಕ್‌ಶಾಪಿನವರು ಹಾರೆಯಿಂದ ಬೀಗ ಒಡೆದರು. ನಾನು ತೆವಳಿ ಹೊರಬಂದೆ. ರೇಣುಕಾ ಅವರನ್ನು ಎತ್ತಿ ತಂದರು.

ನನಗೆ ಎರಡು ದಿನದ ಆಸ್ಪತ್ರೆ. ಅವರಿಗೆ ಏಳು ವಾರ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಒಂದು ಮಹಡಿ ಹತ್ತಿದರೆ ಕುಳಿತುಕೊಳ್ಳಬೇಕು. ತನಿಖೆಗೆ ಬಂದ ಅಧಿಕಾರಿಗೆ ಫ್ಯಾಕ್ಟರಿಯವರು ಎರಡು ಮಾತು ಬರೆದುಕೊಟ್ಟರು: ಬೀಗ ಅವತ್ತೊಂದು ದಿನ ರಿಪೇರಿಗೆಂದು ಹಾಕಿದ್ದು, ಬೆಂಕಿ ಹತ್ತಿದ್ದು ಕೆಲಸಗಾರ್ತಿಯ ನಿರ್ಲಕ್ಷ್ಯದಿಂದ. ಆ ಫ್ಯಾನ್ ನನಗಾಗಿ ಹಾಕಿದ್ದೆಂದು ಹೇಳಿದೆ. ಬೀಗವನ್ನು ಮೊದಲೇ ನೋಡಿದ್ದೆನೆಂದೂ ಹೇಳಿದೆ. ಆ ಅಧಿಕಾರಿ ಕೇಳಿದ್ದು ಸರಳ: "ಬಾಯಿಮಾತು ನಿಲ್ಲಲ್ಲ ಮೇಡಂ. ಅವತ್ತೇ ಬರೆದಿದ್ದು ಇದ್ರೆ ಕೊಡಿ."

ನೋಟ್‌ಬುಕ್ ನನ್ನ ಬ್ಯಾಗಿನಲ್ಲೇ ಇತ್ತು. ಗೈಡ್‌ಗೆ ಫೋನ್ ಮಾಡಿದೆ.

"ಕೊಡಬೇಡ. ಗೌಪ್ಯತೆ ಪತ್ರಕ್ಕೆ ಸೈನ್ ಹಾಕಿದೀಯ. ಎಥಿಕ್ಸ್ ಕಮಿಟಿ ಒಪ್ಪಿಗೆ ಇಲ್ದೆ ಒಂದು ಹಾಳೆನೂ ಆಚೆ ಹೋಗಬಾರದು."

ಕಮಿಟಿಗೆ ಅರ್ಜಿ ಬರೆದೆ. ಸಭೆ ಸೇರಲು ಮೂರು ವಾರ ಹಿಡಿಯಿತು. ಸದಸ್ಯರೊಬ್ಬರು, ಅಪಘಾತ ನಡೆದದ್ದು ಮಾಹಿತಿ ಸಂಗ್ರಹದ ಅವಧಿ ಮುಗಿದ ಮೇಲಲ್ಲವೇ, ಹಾಗಾದರೆ ಅದು ಅಧ್ಯಯನದ ಭಾಗ ಹೇಗಾಗುತ್ತದೆ ಎಂದು ಕೇಳಿದರು. ಗಂಭೀರವಾಗಿಯೇ ಕೇಳಿದರು. ಕೊನೆಗೆ, ಉತ್ತರಿಸಿದವರ ಗುರುತು ಸಿಗದಂತೆ ಮಸಿ ಬಳಿದು ಕೊಡಬಹುದೆಂದು ಒಪ್ಪಿಗೆ ಕೊಟ್ಟರು. ಅಷ್ಟರಲ್ಲಿ ತನಿಖಾ ವರದಿ ಮೇಲಕ್ಕೆ ಹೋಗಿಯಾಗಿತ್ತು. ಅದರಲ್ಲಿ 'ಕಾರ್ಮಿಕೆಯ ನಿರ್ಲಕ್ಷ್ಯ' ಎಂದಿತ್ತು.

ಸುಂಕದಕಟ್ಟೆಗೆ ಹೋಗಿ ರೇಣುಕಾ ಅವರಿಗೆ ಇದನ್ನೆಲ್ಲ ಹೇಳಿದೆ. ಕಮಿಟಿ ಎಂದರೆ ಏನು, ಗೌಪ್ಯತೆ ಎಂದರೆ ಏನು ಎಂದು ವಿವರಿಸಿದೆ. ಅವರು ಎಡಗೈಯಿಂದ ಚಹಾ ಲೋಟ ನನ್ನ ಮುಂದೆ ಸರಿಸಿದರು.

"ಅಷ್ಟ್ ಮಂದೀನ ಯಾಕ ಕೇಳಿದ್ರೀ? ಮಾತು ನಂದು. ನನ್ನ ಕೇಳಿದ್ರ ಅವತ್ತ ಕೊಡ್ರಿ ಅಂತಿದ್ದೆ."

ಬರೆದದ್ದನ್ನು ಹೇಳಿದವರಿಗೆ ತೋರಿಸಿ ಒಪ್ಪಿಗೆ ಪಡೆಯಬೇಕೆಂಬುದು ನಮ್ಮ ವಿದ್ಯೆಯ ಮೊದಲ ಪಾಠಗಳಲ್ಲಿ ಒಂದು. ನಾನು ಕಂಪನಿಗೆ ತೋರಿಸಿದೆ, ಗೈಡ್‌ಗೆ ತೋರಿಸಿದೆ, ಕಮಿಟಿಗೆ ತೋರಿಸಿದೆ. ನೈತಿಕತೆಯ ಹೆಸರಿನಲ್ಲಿ ಕೇಳಬೇಕಾದವರನ್ನು ಬಿಟ್ಟು ಉಳಿದವರನ್ನೆಲ್ಲ ಕೇಳಿದೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟೇ, ಅದನ್ನು ಕಲಿಯಲು ಖರ್ಚಾದ ಕೈ ನನ್ನದಲ್ಲ.

ನೋಟ್‌ಬುಕ್ ಈಗ ರೇಣುಕಾ ಅವರ ವಕೀಲರ ಬಳಿ ಇದೆ. ಪ್ರಕರಣ ಮುಗಿದಿಲ್ಲ. ನನ್ನ ಪಿಎಚ್.ಡಿ. ನಿಂತಿದೆ, ಅದರ ಬಗ್ಗೆ ಬೇಸರವಿಲ್ಲ. ಥಿನ್ನರ್ ವಾಸನೆ ಬಂದರೆ ಇಂದಿಗೂ ಯಾವ ಕೋಣೆಯಲ್ಲಿದ್ದರೂ ಬಾಗಿಲು ತಳ್ಳಿ ನೋಡುತ್ತೇನೆ.

ಈ ಬರಹವನ್ನು ಅಚ್ಚಿಗೆ ಕೊಡುವ ಮುನ್ನ ರೇಣುಕಾ ಅವರ ಮನೆಯಲ್ಲಿ ಕುಳಿತು ಪೂರ್ತಿ ಓದಿದೆ. ಊರು, ವಯಸ್ಸು, ವಿಭಾಗ ಹೇಗೆ ಬದಲಿಸಬೇಕೆಂದು ಅವರೇ ಹೇಳಿದರು. ಒಂದೇ ಒಂದು ಸಾಲನ್ನು ಹೊಡೆದುಹಾಕಿಸಿದರು. ಅವರು ನನ್ನನ್ನು ಕ್ಷಮಿಸಿದರೆಂದು ಕೊನೆಯಲ್ಲಿ ಬರೆದಿದ್ದೆ.

"ಅದು ನಾ ಹೇಳಿಲ್ರೀ ಮೇಡಂ" ಎಂದರು.